ಚಾಲೂ ಆಗುವ ವೇಳೆ

ಜೂನ್ ೯, ಸೋಮವಾರ

ಬೆಳಿಗ್ಗೆಯಿಂದ ಫೋನು. ಶಿಗ್ಗಾಂವಿಯ ಅರ್ಧ ಊರಿಗೆ ನೆಟ್ ಇಲ್ಲ. ಕಾರಣ— ಮಂಗ್ಯಾ. ನಮ್ಮ ಕೇಬಲ್ ಹಿಡಿದು ಕಂಬದಿಂದ ಕಂಬಕ್ಕೆ ಜಿಗಿದ ಆ ಪುಣ್ಯಾತ್ಮನಿಗೆ ಕೈಯೊಳಗೆ ಜಗತ್ತೇ ಹರಿಯುತ್ತಿದೆ ಎಂಬ ಅರಿವು ಇರಲಿಲ್ಲ. ಲೈನ್‌ಮ್ಯಾನ್ ಮಾಳಪ್ಪ ಹೋಗಿ ಜೋಡಿಸಿ ಬಂದ. ಹರಿದ ತುಂಡೊಂದನ್ನು ನನ್ನ ಟೇಬಲ್ ಮೇಲೆ ಇಟ್ಟ. ಒಂದು ತುದಿಗೆ ಮೊಬೈಲ್ ಟಾರ್ಚ್ ಹಿಡಿದೆ. ಇನ್ನೊಂದು ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬೆಳಕು!

ಕೂದಲಿಗಿಂತ ತೆಳ್ಳಗಿನ ಗಾಜು. ಹಾನಗಲ್ಲಿನ ಮಾವಿನ ದರ, ಹಿರೇಕೆರೂರಿನ ಗೋವಿನಜೋಳದ ದರ, ಯಾರದೋ ಮದುವೆ, ಯಾರದೋ ಪರೀಕ್ಷೆ, ಗಂಡ-ಹೆಂಡಿರ ವಿಡಿಯೋ ಕಾಲ್ ಜಗಳ— ಎಲ್ಲ ಇದರೊಳಗೇ ಹೋಗುತ್ತವೆ, ಒಂದಕ್ಕೊಂದು ಮೈ ತಾಕಿಸದೆ. ಎಂಟು ವರ್ಷದಿಂದ ಬಿಲ್ ಹರಿಯುತ್ತಿದ್ದೇನೆ. ಬೆರಗು ಹರಿದಿಲ್ಲ.

ಸಂಜೆ ಬಂದ್ ಚೀಟಿ ತೆಗೆದೆ. ಇತಿಹಾಸಕಾರರ ಅನುಕೂಲಕ್ಕೆ ಇದೊಂದನ್ನು ಬರೆದಿಡಬೇಕು. (ಇತಿಹಾಸಕಾರರು ನನ್ನ ಡೈರಿ ಓದುವುದಿಲ್ಲ. ನನ್ನ ಗಂಡನೇ ಓದುವುದಿಲ್ಲ.) ನಮ್ಮ ಮಾಲಕರು ಪರಮೇಶ್ವರಪ್ಪನವರು ಬರೀ ಟಿವಿ ಕೇಬಲ್ ಇಟ್ಟುಕೊಂಡಿದ್ದ ಕಾಲದಲ್ಲಿ, ಒಂದು ಸಂಜೆ ಹೇಳದೆ ಕೇಳದೆ ಲೈನ್ ಬಂದ್ ಮಾಡಿದರು. ಧಾರಾವಾಹಿಯಲ್ಲಿ ಅವತ್ತೇ ಸೊಸೆಗೆ ವಿಷ ಹಾಕುವುದಿತ್ತು. ಸವಣೂರಿನ ಹೆಣ್ಣುಮಕ್ಕಳು ಲಟ್ಟಣಿಗೆ ಸಮೇತ ಆಫೀಸಿಗೆ ಬಂದರು. ಅಂದಿನಿಂದ ವ್ರತ— ಹೇಳದೆ ಏನನ್ನೂ ಮುಚ್ಚುವುದಿಲ್ಲ. ಕಂಪ್ಯೂಟರಿನಲ್ಲಿ 'ಬಂದ್' ಎಂದು ಗುರುತಾದದ್ದೆಲ್ಲ ಚೀಟಿಗೆ ಬರುತ್ತದೆ. ಚೀಟಿ ಹಯಾತನ ಆಟೋಕ್ಕೆ ಹೋಗುತ್ತದೆ. ಹಯಾತ ಮೈಕಿನಲ್ಲಿ ನಾಲ್ಕು ಮಾತು ಸಾರುತ್ತಾನೆ. ಏನು ಬಂದ್. ಯಾರು ಹೇಳಿದರು. ಯಾಕೆ. ಚಾಲೂ ಆಗುವ ವೇಳೆ. ಹೇಳಿದ ವೇಳೆಗೆ ಚಾಲೂ ಆಗದ ಬಂದ್ ಇದುವರೆಗೆ ಇಲ್ಲ. ಮಾಲಕರಿಗೆ ಮೀಸೆಗಿಂತ ಇದರ ಹೆಮ್ಮೆ ಹೆಚ್ಚು.

ನಾನು ರಂಜನಾ. ಬಿಲ್ಲಿಂಗ್. ಅದರ ಜೊತೆಗೆ ಕಂಪ್ಲಾಯನ್ಸ್ ಆಫೀಸರ್. ಲೈಸೆನ್ಸಿನ ಅರ್ಜಿಯಲ್ಲಿ ಹಾಗೊಂದು ಹೆಸರು ಕೇಳಿದ್ದರು. ಅರ್ಜಿ ತುಂಬುವಾಗ ಎಲ್ಲರಿಗಿಂತ ಹತ್ತಿರ ಕುಳಿತಿದ್ದವಳು ನಾನು. ಹೀಗೆ ನಾಲ್ಕು ತಾಲೂಕಿನ ಇಂಟರ್‌ನೆಟ್ಟಿಗೆ ದ್ವಾರಪಾಲಕಿಯಾದೆ.

ಜೂನ್ ೧೧, ಬುಧವಾರ

ಮೇಲ್ ಬಂತು. ಮೇಲಿನಿಂದ. ಎಂಥ ಇಂಗ್ಲಿಷು! ಓದುತ್ತ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದೆ. ಸಾರಾಂಶ— ಈ ಕೆಳಗಿನ ವೆಬ್‌ಸೈಟನ್ನು ಇಂದೇ ನಿಮ್ಮ ಗಿರಾಕಿಗಳಿಗೆ ಕಾಣದಂತೆ ಮಾಡಿ. ಕಾರಣ, ಸಾರ್ವಜನಿಕ ಶಾಂತಿ. ಈ ಆದೇಶ ಗುಪ್ತ.

ಶಾಂತಿ ಕದಡಿದ ರಾಕ್ಷಸ ಯಾರೆಂದು ತೆರೆದು ನೋಡಿದೆ.

ಒಂದು ಗ್ಲಾಸು. ಗಾಜಿನದು. ಹಿಡಿದ ಕೈ, ಒಂದು ಬೆರಳಿಗೆ ಹಿತ್ತಾಳೆಯ ಅಂಗುಸ್ತಾನ. ಒಳಗೆ ನಲ್ಲಿ ನೀರು. ಕೆಳಗೆ ಒಂದೇ ಸಾಲು— 'ಇವತ್ತು ಕುಡಿಯಬಹುದು.' ಹಿಂದಿನ ದಿನ ಮತ್ತೊಂದು ಗ್ಲಾಸು— 'ಮಸುಕು. ಕಾಯಿಸಿ.' ಅದರ ಹಿಂದಿನದು— 'ಹಳದಿ. ಕಾಯಿಸಿದರೂ ಬೇಡ. ಫಿಲ್ಟರ್ ಘಟಕದ ನೀರು ತನ್ನಿ.' ದಿನಕ್ಕೊಂದು ಗ್ಲಾಸು. ಬೈಗುಳ ಇಲ್ಲ, ಘೋಷಣೆ ಇಲ್ಲ. ಪೇಜಿನ ಹೆಸರು 'ಇಂದಿನ ಗ್ಲಾಸು.'

ಕೈ ಗುರುತು ಸಿಕ್ಕಿತು. ಹತ್ತಿಮತ್ತೂರಿನ ಮಧುಶ್ರೀ. ಮಲ್ಲೇಶಪ್ಪನ ಮಗಳು, ಟೇಲರಿಂಗ್ ಮಾಡುತ್ತಾಳೆ. ಬಿಲ್ ಕಟ್ಟಲು ಬಂದಾಗಲೂ ಬೆರಳಿಗೆ ಇದೇ ಅಂಗುಸ್ತಾನ, ಸೂಜಿ ಚುಚ್ಚದಂತೆ ಹಾಕುವ ಟೋಪಿ, ಇರುತ್ತದೆ. ಮೊದಲು ಒಂದು ದೊಡ್ಡ ಕಂಪನಿಯ ಆ್ಯಪಿನಲ್ಲಿ ಈ ಗ್ಲಾಸು ಹಾಕುತ್ತಿದ್ದಳು. ಯಾರೋ ದೂರು ಕೊಟ್ಟರು. ಕಂಪನಿಯವರು ಒಂದು ತಾಸಿನೊಳಗೆ ಎಲ್ಲ ಅಳಿಸಿದರು. ಆಮೇಲೆ ತನ್ನದೇ ಪೇಜು ಮಾಡಿಕೊಂಡಳು. ಈಗ ಅದಕ್ಕೂ ಬಂತು.

ಮೇಲ್ ತೆಗೆದುಕೊಂಡು ಮಾಲಕರ ಎದುರು ನಿಂತೆ.

"ಯಾರ ತಕರಾರು?"

"ಬರದಿಲ್ರಿ."

"ಎಲ್ಲಿತನಕ ಬಂದ್?"

"ಅದೂ ಬರದಿಲ್ರಿ."

ಬಾಯಲ್ಲಿದ್ದ ಸವಣೂರು ಖಾರದ ಮುಕ್ಕು ನುಂಗಿದರು. "ಅಷ್ಟ ದೊಡ್ಡ ಕಂಪನಿಯವ್ರು, ವಕೀಲರ ದಂಡ ಇಟ್ಕೊಂಡಾವ್ರು, ಪಿಟ್ ಅನ್ನದ ತಗದ್ರಲ್ಲವಾ. ನಾವ್ ಕಂಬಾ ಏರಾವ್ರು. ನಾವೇನ್ ಕೇಳೂದು? ಲೈಸೆನ್ಸ್ ಹೋದ್ರ ಇಷ್ಟೂ ಮಂದಿ ಒಲಿ ಆರತಾವ. ಹಾಕಿಬಿಡು."

ಪೇಜಿನ ಹೆಸರು, ವಿಳಾಸ ಟೈಪ್ ಮಾಡಿದೆ. ಎದುರು 'ಬಂದ್.' ಕಾರಣ, 'ಶಾಂತಿ.' ಉಳಿದ ಎರಡು ಖಾನೆ ಖಾಲಿ. ಎಂಟರ್.

ಅಷ್ಟೇ. ಗುಡುಗಿಲ್ಲ, ಮಿಂಚಿಲ್ಲ. ಕಪ್ಪಿನಲ್ಲಿ ಚಹಾ ಇನ್ನೂ ಹೊಗೆಯಾಡುತ್ತಿತ್ತು. ಹಳ್ಳಿಗಳಲ್ಲಿ ಮೊಬೈಲ್ ನೆಟ್ ಸಿಗದು, ಎಲ್ಲರದೂ ನಮ್ಮ ವೈಫೈಯೇ. ನಾಲ್ಕು ತಾಲೂಕಿನಲ್ಲಿ ಒಂದು ಗ್ಲಾಸು ನೀರು ಮಾಯ. ನನ್ನ ಕಿರುಬೆರಳನ್ನೇ ಎರಡು ಸಲ ನೋಡಿಕೊಂಡೆ. ಇಷ್ಟು ಶಕ್ತಿ ಇದೆಯೆಂದು ತಿಳಿದಿದ್ದರೆ ಮನೆಯಲ್ಲಿ ಅದಕ್ಕೆ ಪಾತ್ರೆ ತಿಕ್ಕಿಸುತ್ತಿರಲಿಲ್ಲ.

ಸಂಜೆಯ ಚೀಟಿಯಲ್ಲಿ ಆ ಸಾಲೂ ಬಂದಿತ್ತು. ಕೈಯಾರೆ ಅಳಿಸಿದೆ. ಚಾಲೂ ಆಗುವತನಕ ದಿನಾ ಬರುತ್ತದೆ, ದಿನಾ ಅಳಿಸಬೇಕು. ಗುಪ್ತ.

ಜೂನ್ ೧೨, ಗುರುವಾರ

ಅಕ್ಕನ ಫೋನು, ಹತ್ತಿಮತ್ತೂರಿನಿಂದ. ಸುಶೀಲಕ್ಕ ಹಲೋ ಅನ್ನುವವಳಲ್ಲ.

"ಏ ರಂಜೀ, ಆ ಹುಡಿಗಿ ಗ್ಲಾಸ್ ಬರವಲ್ದು."

"ಯಾವ ಹುಡಿಗಿ?" ನನ್ನ ನಟನೆಗೆ ಪ್ರಶಸ್ತಿ ಕೊಡಬೇಕು.

"ಮಲ್ಲೇಶಪ್ಪನ ಮಗಳು. ಮನ್ಯಾಗ ನನ್ನ ಮಗಳು ಬಾಣಂತಿ ಅದಾಳ. ಗ್ಲಾಸ್ ನೋಡದ ಐಶ್ವರ್ಯಾಗ ನೀರ್ ಹ್ಯಾಂಗ್ ಕೊಡ್ಲಿ?"

"ಸರ್ವರ್ ಪ್ರಾಬ್ಲಂ ಅಕ್ಕಾ. ಅಲ್ಲಿತನಕ ಕಾಸಿ ಕುಡೀರಿ."

"ನಿಮ್ಮ ಸರ್ವರಿಗೆ ಬೆಂಕಿ ಹಾಕಲಿ. ಯಾವಾಗ ಚಾಲೂ ಆಗತೈತಿ, ಅದನ್ ಹೇಳು."

ಕಟ್ ಮಾಡಿದೆ. ಸಿಗ್ನಲ್ ಇಲ್ಲದವಳಂತೆ. ನೆಟ್ ಕಂಪನಿಯವಳು!

ಆದರೂ ಎಂಥ ಕಾಲ. ನಮ್ಮ ಅಕ್ಕನ ಅತ್ತೆ ಮಧುಶ್ರೀಯ ಓಣಿಯವರು ಮುಟ್ಟಿದ ಕೊಡದ ನೀರು ಚೆಲ್ಲುತ್ತಿದ್ದವಳು. ಈಗ ಅದೇ ಮನೆಯಲ್ಲಿ ಆ ಓಣಿಯ ಗ್ಲಾಸು ನೋಡದೆ ಹನಿ ನೀರು ಗಂಟಲಿಗೆ ಇಳಿಯುವುದಿಲ್ಲ. ಯಾವ ಭಾಷಣದಿಂದಲೂ ಆಗದ್ದು. ಒಂದು ಗ್ಲಾಸಿನಿಂದ.

ಅದನ್ನೇ ಬಂದ್ ಮಾಡಿದ್ದೇನೆ.

ಜೂನ್ ೧೩, ಶುಕ್ರವಾರ

ಮಧುಶ್ರೀಯೇ ಬಂದಳು. ಬಿಲ್ ಕಿಟಕಿಯ ಆಚೆ ನಿಂತಳು. ಅಂಗುಸ್ತಾನ ಹಾಗೇ ಇದೆ, ಹೊಲಿಗೆ ಬಿಟ್ಟು ಬಂದಿದ್ದಾಳೆ.

"ಅಕ್ಕಾರ, ನನ್ನ ಪೇಜ್ ನಾನ ನೋಡಾಕ ಬರವಲ್ದ್ರಿ. ಎಲ್ಲಾ ತಗೀತಾವ, ಅದೊಂದ ಇಲ್ಲ. ರೌಟರ್ ಕೆಟ್ಟೈತೇನ್ರಿ?"

"ಚೆಕ್ ಮಾಡ್ಸತೇನಿ."

"ಫೋಟೋ ಹಾಕೂದ್ ಹೋಗಾಕತ್ತೈತ್ರಿ. ಮಂದಿಗಿ ಕಾಣವಲ್ದು."

"ಮತ್ತ ಇನ್ನೂ ಹಾಕಾಕತ್ತೀಯೇನು? ಯಾರೂ ನೋಡದ?"

ನಕ್ಕಳು. "ಒಂದ್ ದಿನಾ ಬಿಟ್ರ, ನಾಳಿ ಬಂದು 'ಆ ದಿನದ್ ಗ್ಲಾಸ್ ತೋರ್ಸು' ಅಂತಾರಲ್ರಿ. ನೀರ್ ದಿನಾ ಬರತಾವ. ನಾನೂ ದಿನಾ ಹಾಕಬೇಕಲಾ."

ಎಂಥ ಮಾತು. ತಲೆ ಎತ್ತಿ ಅವಳ ಮುಖ ನೋಡಲಾಗದೆ ಸ್ಟೇಪ್ಲರ್ ನೋಡುತ್ತ ಕುಳಿತೆ.

ಹೋಗುವಾಗ ಬಾಗಿಲಲ್ಲಿ ತಿರುಗಿದಳು. "ಯಾವಾಗ ಚಾಲೂ ಆಗತೈತ್ರಿ?"

ಸಿಟ್ಟಿಲ್ಲ, ಅನುಮಾನವಿಲ್ಲ. ಈ ಕಂಪನಿಯಲ್ಲಿ ಆ ಪ್ರಶ್ನೆಗೆ ಯಾವತ್ತೂ ಉತ್ತರ ಇರುತ್ತದೆ ಎಂಬ ನಂಬಿಕೆ, ಅಷ್ಟೇ.

ಜೂನ್ ೧೮, ಬುಧವಾರ. ಸವಣೂರು ಆಸ್ಪತ್ರೆ

ಬರೆಯಲು ಆಗಿರಲಿಲ್ಲ.

ಐಶ್ವರ್ಯಾಳಿಗೆ ಭಾನುವಾರ ಮಧ್ಯಾಹ್ನ ಶುರುವಾಯಿತು. ವಾಂತಿ, ಭೇದಿ. ಸೋಮವಾರ ಕಣ್ಣು ಒಳಗೆ ಹೋಗಿದ್ದವು. ನಿನ್ನೆಯಿಂದ ಸಲೈನ್ ಮೇಲೆ. ಇವತ್ತು ಮೊದಲ ಸಲ ಗಂಜಿ ನಿಂತಿದೆ. ಕೂಸು ಗಟ್ಟಿ ಇದೆ, ನನ್ನ ತೊಡೆಯ ಮೇಲೆ ಮುಷ್ಟಿ ಕಟ್ಟಿ ಮಲಗಿದೆ.

ಅಕ್ಕ ಮಂಚದ ಕಾಲಿಗೆ ಒರಗಿ ಹೇಳಿದಳು— "ಕಾಸೇ ಕೊಟ್ಟೇನವಾ ನಾ. ನೀ ಹೇಳಿದಂಗ. ಕೊತಕೊತ ಕುದಿಸೀನಿ."

ಆಫೀಸಿನ ನನ್ನ ಕಂಪ್ಯೂಟರಿನಲ್ಲಿ ಮಾತ್ರ ಆ ಪೇಜು ತೆರೆಯುತ್ತದೆ. ಬಂದ್ ಆಗಿದೆಯೋ ಇಲ್ಲವೋ ಪರೀಕ್ಷಿಸಲು ದ್ವಾರಪಾಲಕಿಗೆ ಒಂದು ಕಿಂಡಿ. ಊಟ ತರುವ ನೆಪದಲ್ಲಿ ಹೋಗಿ ನೋಡಿದೆ. ಭಾನುವಾರದ ಗ್ಲಾಸು ಇತ್ತು. ಅರಿಷಿಣ ಕಲಸಿದಂಥ ನೀರು. 'ಹಳದಿ. ಕಾಯಿಸಿದರೂ ಬೇಡ.' ನೋಡಿದವರು— ಒಬ್ಬರು. ಅದು ನಾನು. ಈಗ.

ತಮಾಷೆ ಬರುತ್ತಿಲ್ಲ.

ಜೂನ್ ೧೯, ಗುರುವಾರ, ಸಂಜೆ

ಇದನ್ನು ಬರೆಯುವಾಗ ನನಗೆ ಆಗುತ್ತಿರುವುದು ಹೆದರಿಕೆಯೋ ಆನಂದವೋ ತಿಳಿಯದು.

ಆಸ್ಪತ್ರೆಯ ಗೇಟಿನ ಬಳಿ ಎಳನೀರು ಕೊಳ್ಳುತ್ತಿದ್ದೆ. ದೂರದಿಂದ ಹಯಾತನ ಮೈಕು. ಅವನ ಗಂಟಲು ಗೊತ್ತಲ್ಲ— ಕರೆಂಟ್ ಹೋದರೂ ನಡೆಯುವಂಥದ್ದು.

"ಗಿರಾಕಿ ಬಾಂಧವರಲ್ಲಿ ವಿನಂತಿ! ನಾಳೆ ಹಳೇ ಬಸ್‌ಸ್ಟ್ಯಾಂಡ್ ಲೈನ್ ಬಂದ್! ಹೇಳಿದವರು, ಕರೆಂಟಿನವರು! ಕಾರಣ, ಕಂಬ ಬದಲಿ! ಚಾಲೂ ಆಗುವ ವೇಳೆ, ಮಧ್ಯಾಹ್ನ ಎರಡು!" ಒಂದು ಉಸಿರು. "ಇಂದಿನ ಗ್ಲಾಸು ಅನ್ನುವ ಪೇಜ್ ಬಂದ್! ಹೇಳಿದವರು..." ಮೈಕಿನಲ್ಲಿ ಕಾಗದ ಸರಪರ. "...ಹೇಳಿದವರು, ಬರದಿಲ್ಲ! ಕಾರಣ, ಶಾಂತಿ! ಚಾಲೂ ಆಗುವ ವೇಳೆ, ಬರದಿಲ್ಲ!"

ಎಳನೀರು ಸೀರೆಯ ಮೇಲೆ.

ನಾನು ಇವತ್ತು ಆಫೀಸಿಗೆ ಹೋಗಲೇ ಇಲ್ಲ, ಆಸ್ಪತ್ರೆಯಲ್ಲಿದ್ದೆ. ಚೀಟಿ ತೆಗೆದವನು ಮಾಳಪ್ಪ. ಕಂಪ್ಯೂಟರಿನಿಂದ ಬಂದದ್ದನ್ನು ಬಂದಂತೆಯೇ ಹಯಾತನಿಗೆ ಕೊಟ್ಟಿದ್ದಾನೆ. ಅಳಿಸಬೇಕೆಂದು ಅವನಿಗೆ ಹೇಳಿದವರಾರು? ಬಂದ್ ಇದ್ದರೆ ಸಾರಬೇಕು, ಅಷ್ಟೇ ಅವನಿಗೆ ಗೊತ್ತು. ಅಂಥ ವಕೀಲರು, ಅಂಥ ಇಂಗ್ಲಿಷು, ಅಂಥ ಗುಟ್ಟು... ಆಟೋ ಮೇಲಿನ ಒಂದು ತಗಡಿನ ಭೋಂಗಾದಿಂದ ಹೊರಗೆ ಬಿತ್ತು. ಸವಣೂರು ಮುಗಿಸಿ ಹತ್ತಿಮತ್ತೂರಿಗೂ ಹೋಗಿ ಬಂದನಂತೆ. ಕೆಲಸದಲ್ಲಿ ಬಹಳ ನಿಷ್ಠ.

ವಾರ್ಡಿಗೆ ಬಂದರೆ ಅಕ್ಕ ಎದ್ದು ಕುಳಿತಿದ್ದಾಳೆ. ಮೈಕು ಅಲ್ಲಿಗೂ ಕೇಳಿಸಿದೆ. ಅಳುತ್ತಿದ್ದ ಕೂಸನ್ನು ತೊಡೆಗೆ ಹಾಕಿಕೊಂಡು ಕುಳಿತೆ.

"ಇದನ್ ಮಾಡಿದಾಕಿ ನೀನೇನು?"

"ಹೂಂ."

ನನ್ನ ತೊಡೆಯ ಮೇಲಿನ ಕೂಸನ್ನು ಮೆಲ್ಲಗೆ ಎತ್ತಿಕೊಂಡು ಆಚೆ ಮಂಚಕ್ಕೆ ಹೋಗಿ ಕುಳಿತಳು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೨೦, ಶುಕ್ರವಾರ

ಬೆಳಿಗ್ಗೆ ಆಫೀಸಿನ ಮುಂದೆ ಮಂದಿ. ಹತ್ತಿಮತ್ತೂರಿನ ಟಂಟಂ ಆಟೋಗಳಿಂದ ಇಳಿಯುತ್ತಲೇ ಇದ್ದರು. ಲಟ್ಟಣಿಗೆ ಇರಲಿಲ್ಲ. ಘೋಷಣೆಯೂ ಇಲ್ಲ. ಸರದಿ ಹಿಡಿದು ಒಬ್ಬೊಬ್ಬರೇ ಕಿಟಕಿಗೆ ಬಂದು, ಕೇಬಲ್ ಹೋದಾಗ ಕೇಳುವಂತೆಯೇ ಕೇಳಿದರು—

"ಯಾವಾಗ ಚಾಲೂ ಆಗತೈತ್ರಿ?"

"ಗೊತ್ತಿಲ್ರಿ."

"ಹಂಗಾರ ಕುಂದರತೇವಿ." ಹೋಗಿ ಕಟ್ಟೆಯ ಮೇಲೆ ಕುಳಿತರು. ಆ ಪೇಜು ಹುಟ್ಟಿದ್ದೇ ಗೊತ್ತಿಲ್ಲದ ಸವಣೂರಿನವರೂ ಬಂದರು. "ಏನರ ಇರಲಿ, ನಮ್ಮ ಲೈನಿನ್ಯಾಗಿಂದ ಹೋಗೇತಲಾ!"

ಒಳಗೆ ಮಾಲಕರು ಹಯಾತನನ್ನು ನಿಲ್ಲಿಸಿಕೊಂಡಿದ್ದರು.

"ಲೇ, ಅದು ಗುಟ್ಟಿನ ಬಂದ್ ಇತ್ತಲೇ!"

"ಗುಟ್ಟಿನ ಬಂದ್ ಅಂದ್ರೇನ್ ಮಾಲಕ್? ಬಂದ್ ಆಗೂದೂ ಖರೆ, ಹೇಳಬಾರದೂ ಖರೆ? ಹಂಗ್ ಮಾಡಾವ್ರಿಗೆ ನಮ್ಮಲ್ಲಿ ಬ್ಯಾರೆ ಹೆಸರ ಐತಿ."

"ಹೊರಗ ನಡಿ!"

ನಡೆದ. ಮಾಲಕರು ಕಿಟಕಿಗೆ ಬಂದು ಕಟ್ಟೆ ನೋಡಿದರು. ಮೊದಲ ಸಾಲಿನಲ್ಲಿ ಸುಶೀಲಕ್ಕ. ಪಕ್ಕದಲ್ಲಿ, ತೊಡೆಗೆ ತೊಡೆ ತಾಕಿಸಿ, ಮಧುಶ್ರೀ. ಅವಳ ಕೈಯಲ್ಲಿ ಗ್ಲಾಸು, ಬಾಯಿಗೆ ಪ್ಲಾಸ್ಟಿಕ್ ಕಟ್ಟಿದ್ದು, ಬೆಳಗಿನ ನೀರಿನೊಂದಿಗೆ. ಪೇಜಿಲ್ಲ ಎಂದು ಗ್ಲಾಸನ್ನೇ ತಂದುಬಿಟ್ಟಿದ್ದಾಳೆ. ಮಂದಿ ಒಬ್ಬೊಬ್ಬರೇ ಬಾಗಿ ನೋಡಿ ಹೋಗುತ್ತಿದ್ದರು, ದೇವರ ಮುಂದಿನ ದೀಪ ನೋಡಿದಂತೆ.

ಮಾಲಕರು ಕಿಟಕಿಯಿಂದ ತಿರುಗಿ ಹೇಳಿದರು. "ಆ ದೊಡ್ಡ ಕಂಪನಿಯವ್ರಿಗೆ ಕಟ್ಟಿ ಇಲ್ಲ ನೋಡು ರಂಜನಾ. ಅದಕ್ಕ ತಾಸಿನಾಗ ತಗದ್ರು. ಕುಂತಾವ್ರ ಮಾರಿ ನೋಡೂ ಪಾಳಿ ಅವ್ರಿಗೆ ಬರಲಿಲ್ಲ."

ಮೇಲಿನವರಿಗೆ ಒಂದು ಮೇಲ್ ಬರೆಸಿದರು. ಕನ್ನಡದಲ್ಲೇ. 'ಬಂದ್ ಮಾಡಿದ್ದೇವೆ. ನಮ್ಮ ಪದ್ಧತಿಯಂತೆ ಗಿರಾಕಿಗಳಿಗೆ ನಾಲ್ಕು ಮಾತು ಹೇಳಬೇಕು. ಮೂರನೆಯದು ಅರ್ಧ ಬಂದಿದೆ. ಉಳಿದವು ಕಳಿಸಿರಿ.'

ಹಯಾತನನ್ನು ತಿರುಗಿ ಕರೆದರು. ಆದೇಶ ಇರುವುದು ವೆಬ್‌ಸೈಟಿಗೆ. ಆಟೋದ ಬಗ್ಗೆ ಅದರಲ್ಲಿ ಏನೂ ಇಲ್ಲ.

ಜೂನ್ ೨೩, ಸೋಮವಾರ

ಬೆಳಿಗ್ಗೆ ಹತ್ತಿಮತ್ತೂರಿಗೆ ಹೋಗಿದ್ದೆ, ನೋಡಲೆಂದೇ. ಬಂತು ಪುಷ್ಪಕ ವಿಮಾನ. ಹಿಂದಿನ ಸೀಟಿನಲ್ಲಿ ಮಧುಶ್ರೀ, ಗ್ಲಾಸು ಹೊರಗೆ ಚಾಚಿ. ಮುಂದೆ ಹಯಾತ— "ಇವತ್ತ ಮಸುಕು! ಕಾಸಿ ಕುಡೀರಿ!" ಓಣಿ ಓಣಿಯ ಬಾಗಿಲುಗಳು ತೆರೆದವು. ಗೌಡರ ಮನೆಯದೂ. ಮುದುಕಿಯರು ಕಣ್ಣಿಗೆ ಕೈ ಅಡ್ಡ ಹಿಡಿದು ನೀರಿನ ಬಣ್ಣ ನೋಡಿದರು. ಬಿಸಿಲು ಗ್ಲಾಸಿನಲ್ಲಿ ಹೊಕ್ಕು ಗೋಡೆಗಳ ಮೇಲೆ ಓಡುತ್ತಿತ್ತು.

ಮಾಳಪ್ಪ ತಂದ ಗಾಜಿನ ತುಂಡು ನೆನಪಾಯಿತು. ಅದೂ ಗಾಜು, ಬೆಳಕು. ಇದೂ.

ಅಕ್ಕ ಬಾಗಿಲಲ್ಲಿದ್ದಳು, ಐಶ್ವರ್ಯಾಳನ್ನು ಆಸ್ಪತ್ರೆಯಿಂದ ಕರೆತಂದಾಗಿತ್ತು. ನನ್ನನ್ನು ಕಂಡು, "ಇಷ್ಟ ಊರಿಗೆ ಆತು. ಉಳದ್ ಹಳ್ಳಿಗೂ ನೀರ್ ಇದ ಟಾಕ್ಯಾಗಿಂದ ಅಲ್ಲೇನು? ಎಷ್ಟಂತ ಆಟೋ ಓಡಸ್ತೀರಿ?" ಅಂದಳು. ಒಳಗೆ ಕರೆಯಲಿಲ್ಲ.

ಜೂನ್ ೨೪, ಮಂಗಳವಾರ

ಮೇಲಿನಿಂದ ಉತ್ತರ. ನಮ್ಮ ನಾಲ್ಕು ಮಾತಿಗೆ ಉತ್ತರ ಇಲ್ಲ. ಪ್ರಶ್ನೆ ಮಾತ್ರ ಇದೆ— ಗುಪ್ತತೆ ಮುರಿದವರು ಯಾರು? ಲೈಸೆನ್ಸ್ ಯಾಕೆ ರದ್ದು ಮಾಡಬಾರದು? ಕಂಪ್ಲಾಯನ್ಸ್ ಆಫೀಸರ್ ವೈಯಕ್ತಿಕವಾಗಿ ಹೊಣೆ. ಕೆಳಗೆ ನನ್ನ ಹೆಸರು, ಸ್ಪೆಲಿಂಗ್ ಸರಿಯಾಗಿ. ನನ್ನ ಮದುವೆ ಕಾರ್ಡಿನಲ್ಲೂ ಸರಿ ಇರಲಿಲ್ಲ.

ಗಂಡನಿಗೆ ತೋರಿಸಿದೆ. ಮೂರು ಸಲ ಓದಿದರು. "ಜೇಲ್ ಅಂದ್ರ ಡಬ್ಬಿ ನಾ ಕಟ್ಟಿಕೊಂಡು ಬರಬೇಕಾಗತೈತೇನು?" ಎಂದರು. ನಕ್ಕೆವು. ಇಬ್ಬರಿಗೂ ಊಟ ಸೇರಲಿಲ್ಲ.

ಜೂನ್ ೨೬, ಗುರುವಾರ

ಬರೆದೆ.

ಸಂಜೆಯ ಚೀಟಿ ತೆಗೆದಾಗ ಆ ಸಾಲು ಹಾಗೇ ಇತ್ತು. ಹೇಳಿದವರು— ಖಾಲಿ. ಚಾಲೂ ಆಗುವ ವೇಳೆ— ಖಾಲಿ. ಪೆನ್ನು ತೆಗೆದೆ. ಮೊದಲನೆಯ ಖಾಲಿ ಜಾಗ ನನ್ನದಲ್ಲ, ಅದನ್ನು ಅವರೇ ತುಂಬಲಿ. ಎರಡನೆಯದರಲ್ಲಿ ಬರೆದೆ— 'ಸೋಮವಾರ ಬೆಳಿಗ್ಗೆ ಹತ್ತು.' ಹಯಾತನ ಕೈಗೆ ಕೊಟ್ಟೆ. ಅವನು ಓದಿ, ನನ್ನನ್ನು ನೋಡಿ, ಹಣೆಗೆ ಕೈ ಮುಟ್ಟಿಸಿ ಸಲಾಮು ಮಾಡಿದ. ಹಯಾತ! ನನಗೆ!

ಆಟೋ ಬಜಾರು ದಾಟುವುದರೊಳಗೆ ಮಾಲಕರು ನನ್ನ ಟೇಬಲ್ ಮುಂದೆ. ಎದ್ದು ನಿಂತೆ. ಡ್ರಾಯರಿನ ಕೀಲಿ ಕೈಯಲ್ಲೇ ಹಿಡಿದಿದ್ದೆ, ಕೊಟ್ಟು ಹೋಗಲು.

"ಚೀಟಿ ನೀ ಬರದೇನು?"

"ಹೌದ್ರಿ. ನನ್ನ ಹೆಸರಿಲೇ ಜವಾಬು ಬರೀತೇನ್ರಿ. ನಿಮಗ ಗೊತ್ತಿರಲಿಲ್ಲ ಅಂತ..."

"ಅದನ್ ಕೇಳಲಿಲ್ಲ. ಹೇಳಿದ ವ್ಯಾಳ್ಯಾಕ ಚಾಲೂ ಆಗದ ಬಂದ್ ನಮ್ಮ ಕಂಪನ್ಯಾಗ ಒಂದರ ಐತೇನು?"

"ಇಲ್ರಿ."

"ಮತ್ತ?"

ಅಷ್ಟೇ. ಹೊರಟರು. ಬಾಗಿಲಲ್ಲಿ ನಿಂತು, ತಿರುಗದೆ— "ಜವಾಬಿಗೆ ನನ್ನ ಹೆಸರ ಮ್ಯಾಲ, ನಿನ್ನ ಹೆಸರ ಕೆಳಗ. ಮಾಲಕ ನಾನು."

ಮಂಗ್ಯಾನಿಂದ ಮಾಲಕನವರೆಗೆ, ಈ ಊರಿನಲ್ಲಿ ತಮ್ಮ ಕೈಯಲ್ಲಿ ಏನಿದೆ ಎಂದು ತಿಳಿಯದೆ ಹಿಡಿದುಕೊಂಡವರು ಎಷ್ಟು ಜನ! ಅವರಲ್ಲಿ ಮೊದಲನೆಯವಳು ನಾನೇ.

ಜೂನ್ ೩೦, ಸೋಮವಾರ, ಆಫೀಸು

ಒಂಬತ್ತೂವರೆ. ಜವಾಬು ಹೋಯಿತು. ಮೇಲೊಂದು ಹೆಸರು, ಕೆಳಗೊಂದು. ನಾಳೆ ಈ ಆಫೀಸು ಇರುತ್ತದೋ ಇಲ್ಲವೋ.

ಕಟ್ಟೆ ತುಂಬಿದೆ. ಹಿರೇಕೆರೂರು, ಹಾನಗಲ್ಲಿನ ಲೈನ್‌ಮ್ಯಾನ್‌ಗಳೂ ಬಂದಿದ್ದಾರೆ, ಕರೆದವರಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು. ಮಧುಶ್ರೀ ಇವತ್ತು ಗ್ಲಾಸು ತಂದಿಲ್ಲ. ಬಣ್ಣ ಕೇಳಿದರೆ ಹೇಳುವುದಿಲ್ಲ. "ಪೇಜಿನ್ಯಾಗ ನೋಡ್ರಿ," ಅನ್ನುತ್ತಾಳೆ. ಸೊಕ್ಕು! ಚೆಂದ ಕಾಣುತ್ತದೆ ಅವಳಿಗೆ.

ಅಕ್ಕ ಒಳಗೇ ಬಂದಳು. ಐಶ್ವರ್ಯಾ ಹಿಂದೆ. ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಪೆನ್ನು. ಅಕ್ಷರ ಸೊಟ್ಟ.

ಹತ್ತು. ಮಾಲಕರು ಗಡಿಯಾರ ನೋಡಿ ತಲೆ ಆಡಿಸಿದರು. 'ಬಂದ್' ಅಳಿಸಿ ಎಂಟರ್ ಒತ್ತಿದೆ. ಅದೇ ಕಿರುಬೆರಳು.

ಹೊರಗೆ ತಲೆಗಳೆಲ್ಲ ಮೊಬೈಲಿನ ಮೇಲೆ ಬಾಗಿದವು. ಪೇಜು ಬರುತ್ತಿದೆ— ಎಲ್ಲರೂ ಒಟ್ಟಿಗೆ ತೆರೆದಿದ್ದಾರೆ, ನಿಧಾನ— ಮೊದಲು ಗ್ಲಾಸಿನ ಅಂಚು... ಈಗ ಬೆರಳು, ಅಂಗುಸ್ತಾನ... ಮೇಲಿನಿಂದ ಕೆಳಗೆ ಇಳಿಯುತ್ತಿದೆ... ಇವತ್ತಿನ ನೀರು—